ಮಣ್ಣಿನೊಳಗಣ ಕಮ್ಮಟ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ಬನ್ನೂರು ಕಾವೇರಿಯ ನೀರನ್ನು ನಂಬಿ ಬಾಳುವ ಊರು. ನಾಲೆಯ ನೀರು ಹತ್ತುವ ಕಡೆ ಬತ್ತ, ಕಬ್ಬು, ಬಾಳೆ. ಹತ್ತದ ಕಡೆ ರಾಗಿ, ಹುರುಳಿ. ಬೇಸಗೆಯಲ್ಲಿ ಒಣಗಿ ಬಿರಿದ ಈ ಹೊಲಗಳ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಕಂಪನ್ನು ಅರಿಯದವರು ಆ ಸೀಮೆಯಲ್ಲಿ ಇರಲಾರರು. ರೈತನು ಅದನ್ನು ಮೂಸಿ ನೇಗಿಲನ್ನು ನೆನೆಯುವನು; ಸಂಸ್ಕೃತಪಾಠಶಾಲೆಯಲ್ಲಿ ಓದಿದವನಾದರೆ ತರ್ಕಸಂಗ್ರಹವನ್ನು ನೆನೆಯುವನು.

ಏತಕ್ಕೆಂದರೆ, ಆ ಗ್ರಂಥವನ್ನು ರಚಿಸಿದ ಅನ್ನಂಭಟ್ಟನು ಪೃಥಿವಿಗೆ ಗಂಧವನ್ನೇ ಲಕ್ಷಣವನ್ನಾಗಿ ಹೇಳಿರುವನು. ನೀರಿನಲ್ಲಿಯೂ ಗಾಳಿಯಲ್ಲಿಯೂ ವಾಸನೆ ತೋರುವುದಲ್ಲವೆ ಎಂದು ಶಂಕಿಸಿದರೆ, ಅದು ಅವುಗಳ ಸ್ವಂತ ಗುಣವಲ್ಲ, ಅವುಗಳೊಡನೆ ಬೆರೆತ ಪಾರ್ಥಿವಾಂಶದ ಗುಣವು ಅವುಗಳದೇ ಎಂಬಂತೆ ತೋರುವುದು ಎಂದು ನೈಯಾಯಿಕರು ಸಮಾಧಾನ ಹೇಳುವರು. ಈ ಸಮಾಧಾನದ ರೀತಿ ಬಹು ಚೆನ್ನಾದುದು. ಆದರೆ ಇಪ್ಪತ್ತನೆಯ ಶತಮಾನದ ಪರಿಶೋಧಕರು ಅದೇ ರೀತಿಯನ್ನು ಪೃಥಿವಿಯ ಮೇಲೆಯೇ ತಿರುಗಿಸಿಬಿಟ್ಟರು. ಮಳೆ ಬಿದ್ದ ಮಣ್ಣಿನ ಕಂಪು ಬಹುಮಟ್ಟಿಗೆ ಮಣ್ಣಿನದಲ್ಲ. ಅದರೊಳಗೆ ಮನೆಮಾಡಿಕೊಂಡಿರುವ ಒಂದು ಕುಲದ ಅಣುಜೀವಿಗಳದು. ಆ ಅಣುಜೀವಿಗಳಲ್ಲಿಯೂ ಅದನ್ನು ನಿರ್ಮಿಸತಕ್ಕವು ಕೆಲವು ಪ್ರೋಟೀನುಗಳು. ಈ ಪ್ರೋಟೀನುಗಳು ಕಂಪನ್ನು ಮಾತ್ರವಲ್ಲದೆ ಔಷಧಗಳನ್ನೂ ಮಾಡುವುವು. ಅವುಗಳನ್ನು ಮನುಷ್ಯನು ಅರಿತುಕೊಂಡ ಚರಿತ್ರೆಯೂ, ಆ ಚರಿತ್ರೆಯಲ್ಲಿ ಮೈಸೂರು ಸೀಮೆಯ ವಿದ್ವಾಂಸರೊಬ್ಬರಿಗೆ ಸಲ್ಲಬೇಕಾದ ಸ್ಥಾನವೂ ಈ ಲೇಖನದ ವಿಷಯ.

ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ೧೯೬೪ರಲ್ಲಿ ಒಣನೆಲದ ವಾಸನೆಯನ್ನು ವಿಚಾರಮಾಡಿ ಅದಕ್ಕೊಂದು ಹೊಸ ಹೆಸರನ್ನು ಕೊಟ್ಟರು. ಕನೌಜಿನ ಅತ್ತರಿನವರು ಮಣ್ಣನ್ನು ಬಟ್ಟಿಯಿಳಿಸಿ ಅದೇ ಕಂಪನ್ನು ಬಹುಕಾಲದಿಂದ ಮಾರುತ್ತಿರುವರೆಂಬುದನ್ನು ಅವರು ಅರಿತಿದ್ದರು. ಮರುವರ್ಷವೇ, ಎಂದರೆ ೧೯೬೫ರಲ್ಲಿ, ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದ ನ್ಯಾನ್ಸಿ ಗರ್ಬರ್ ಮತ್ತು ಹ್ಯೂಬರ್ಟ್ ಲೆಶೆವಾಲಿಯೇ ಎಂಬವರು ಮಣ್ಣಿನ ಅಣುಜೀವಿಗಳಿಂದ ಆ ಕಂಪಿನ ವಸ್ತುವನ್ನೇ ಬೇರ್ಪಡಿಸಿ ಜಿಯೋಸ್ಮಿನ್ ಎಂದು ಕರೆದರು. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಭೂಗಂಧವೆಂದೇ ಅರ್ಥ. ಅದನ್ನು ಕಟ್ಟುವ ಪ್ರೋಟೀನಿನ ನಡೆಯು ಪೂರ್ಣವಾಗಿ ತಿಳಿದುದು ೨೦೦೭ರಲ್ಲಿ, ಬ್ರೌನ್ ವಿಶ್ವವಿದ್ಯಾನಿಲಯದ ಡೇವಿಡ್ ಕೇನ್ ಎಂಬವರ ಪರಿಶೋಧನಾಲಯದಲ್ಲಿ. ೭೨೬ ಅಮಿನೊ ಆಮ್ಲಗಳ ಒಂದೇ ಸರ; ಆದರೆ ಅದರಲ್ಲಿ ಎರಡು ಭಾಗಗಳು. ಮೊದಲ ಭಾಗವು ೧೫ ಇಂಗಾಲದ ಪರಮಾಣುಗಳುಳ್ಳ ಒಂದು ವಸ್ತುವನ್ನು ಹಿಡಿದು ಬಾಗಿಸಿ ಬಳೆಯಾಗಿ ಮಾಡುವುದು. ಎರಡನೆಯ ಭಾಗವು ಅದನ್ನು ತೆಗೆದುಕೊಂಡು ಮೂರು ಪರಮಾಣುಗಳನ್ನು ಕಿತ್ತುಹಾಕಿ ೧೨ ಪರಮಾಣುಗಳ ಜಿಯೋಸ್ಮಿನ್ನನ್ನು ಹೊರಬಿಡುವುದು. ಇಷ್ಟೆಲ್ಲ ಕಷ್ಟವು ಏತಕ್ಕೆಂದು ಕೇಳುವವರಿಗೆ ೨೦೨೦ರಲ್ಲಿ ಉತ್ತರ ದೊರೆಯಿತು. ಮಣ್ಣಿನಲ್ಲಿ ನೆಗೆದಾಡುವ ಒಂದು ಬಗೆಯ ಸಣ್ಣ ಹುಳುಗಳು ಈ ಕಂಪಿಗೆ ಮರುಳಾಗಿ ಬಂದು ಅಣುಜೀವಿಯನ್ನು ತಿಂದು, ಅದರ ಬೀಜಕಣಗಳನ್ನು ಮೈಮೇಲೆಯೂ ಹೊಟ್ಟೆಯಲ್ಲಿಯೂ ಹೊತ್ತು ದೂರ ದೂರ ಚೆಲ್ಲುವುವು. ಮನುಷ್ಯನ ಮೂಗಿಗೆ ಬೀಳುವುದು ಆ ವ್ಯಾಪಾರದ ಮಿಗುತೆ ಅಷ್ಟೆ.

ಇಂತಹ ಕೆಲಸಗಾರ ಪ್ರೋಟೀನಿಗೆ ಕನ್ನಡದಲ್ಲಿ ಕಿಣ್ವವೆಂಬ ಹೆಸರು ರೂಢಿಗೆ ಬಂದಿದೆ. ಈ ಹೆಸರನ್ನು ಆರಿಸಿದವರು ಸಂಸ್ಕೃತವನ್ನು ಬಲ್ಲವರಾಗಿರಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುಳಿಯಿಸುವ ಮದ್ದಿಗೆ ಕಿಣ್ವವೆಂದು ಹೆಸರು. ಧಾನ್ಯದಲ್ಲಿಯೂ ನೀರಿನಲ್ಲಿಯೂ ಇಲ್ಲದ ಮದಶಕ್ತಿಯು ಕಿಣ್ವದಿಂದ ಹುಟ್ಟುವಂತೆ ಜಡಭೂತಗಳ ಕೂಟದಿಂದ ಚೈತನ್ಯವು ಹುಟ್ಟುವುದೆಂದು ಚಾರ್ವಾಕರು ವಾದಿಸುತ್ತಿದ್ದರು. ಅವರ ಸಿದ್ಧಾಂತವು ಏನಾದರೂ ಆಗಲಿ, ದೃಷ್ಟಾಂತವು ಮಾತ್ರ ಸೊಗಸಾಗಿದೆ: ಕೂಡಿದ ವಸ್ತುಗಳಲ್ಲಿ ಕಾಣದ ಗುಣವನ್ನು ಹೊಸದಾಗಿ ತರುವುದೇ ಕಿಣ್ವದ ಕೆಲಸ.

ಈ ಭೂಗಂಧದ ಅಣುಜೀವಿಗಳ ಕುಲಕ್ಕೆ ಸ್ಟ್ರೆಪ್ಟೊಮೈಸಿಸ್ ಎಂದು ಹೆಸರು. ನಿಜವಾಗಿ ಇವು ಬ್ಯಾಕ್ಟೀರಿಯಗಳ ಪಂಗಡಕ್ಕೆ ಸೇರಿದುವು. ಆದರೆ ಬೂಷ್ಟಿನಂತೆ ನೂಲುನೂಲಾಗಿ ಕವಲೊಡೆದು ಬೆಳೆದು ತುದಿಯಲ್ಲಿ ಬೀಜಕಣಗಳ ಸರವನ್ನು ಬಿಡುವುದರಿಂದ ಹಿಂದಿನವರು ಇವನ್ನು ಶಿಲೀಂಧ್ರಗಳೆಂದೇ ಬಗೆದಿದ್ದರು. ಹೆಸರಿನಲ್ಲಿ ಆ ಭ್ರಾಂತಿ ಇನ್ನೂ ಉಳಿದಿದೆ. ರಟ್ಗರ್ಸಿನಲ್ಲಿ ಸೆಲ್ಮನ್ ವಾಕ್ಸ್‌ಮನ್ ಎಂಬವರು ಮಣ್ಣಿನ ಅಣುಜೀವಿಗಳನ್ನು ಕುರಿತು ಬಹುಕಾಲ ಶ್ರಮಿಸಿದ್ದರು. ಅವರ ಶಿಷ್ಯನಾದ ಆಲ್ಬರ್ಟ್ ಷಾಟ್ಸ್ ೧೯೪೩ರಲ್ಲಿ ಈ ಕುಲದ ಒಂದು ಜೀವಿಯಿಂದ ಸ್ಟ್ರೆಪ್ಟೊಮೈಸಿನ್ನನ್ನು ಪಡೆದನು. ಕ್ಷಯರೋಗಕ್ಕೆ ಮೊದಲನೆಯ ನಿಜವಾದ ಮದ್ದು ಅದು. ೧೯೫೨ರ ನೊಬೆಲ್ ಬಹುಮಾನವು ಗುರುವಿಗೆ ಮಾತ್ರ ಸಂದಿತು. ಶಿಷ್ಯನು ಅದಕ್ಕೆ ಮೊದಲೇ ನ್ಯಾಯಾಸ್ಥಾನಕ್ಕೆ ಹೋಗಬೇಕಾಗಿ ಬಂದಿದ್ದಿತು. ಆ ಕಥೆ ಇಲ್ಲಿ ಅಪ್ರಕೃತ. ಒಂದು ಹಿಡಿ ಮಣ್ಣಿನಲ್ಲಿ ಒಂದು ಔಷಧವಿರಬಹುದೆಂಬ ಆಸೆಯು ಅಲ್ಲಿಂದ ಲೋಕದಲ್ಲೆಲ್ಲ ಹಬ್ಬಿತು. ಔಷಧದ ಕಂಪೆನಿಗಳು ಪಾದ್ರಿಗಳಿಂದಲೂ ಪ್ರವಾಸಿಗಳಿಂದಲೂ ಮಣ್ಣಿನ ಪೊಟ್ಟಣಗಳನ್ನು ತರಿಸತೊಡಗಿದುವು. ಫಿಲಿಪ್ಪೀನ್ಸ್ ದ್ವೀಪದ ಮಣ್ಣಿನಿಂದ ಎರಿತ್ರೊಮೈಸಿನ್ ಬಂದಿತು. ಅಮೆರಿಕದ ವರ್ಜೀನಿಯ ಪ್ರಾಂತದಲ್ಲಿ ಒಂದು ಹೈನುಗಾರರ ಹೊಲದ ಮಣ್ಣಿನಿಂದ ೧೯೫೦ರಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ನಿಸ್ಟಾಟಿನ್ನನ್ನು ಹೊರತಂದರು. ವೆನೆಜುವೇಲದ ಒರಿನೋಕೊ ನದಿಯ ಸೀಮೆಯ ಮಣ್ಣಿನಿಂದ ಆ ದಶಕದ ನಡುವೆ ಆಂಫೊಟೆರಿಸಿನ್ ದೊರೆಯಿತು.

ಈ ಕೊನೆಯ ಎರಡು ಔಷಧಗಳು ಉಳಿದುವುಗಳಂತಲ್ಲ. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್‌ಗಳು ಬ್ಯಾಕ್ಟೀರಿಯಗಳನ್ನು ಕೊಲ್ಲುವುವು. ಬೂಷ್ಟಿನ ಕುಲದ ರೋಗಗಳನ್ನು ಮುಟ್ಟವು. ಅಷ್ಟೇ ಅಲ್ಲ, ಅವುಗಳನ್ನು ಬಹಳ ದಿನ ಸೇವಿಸಿದವರ ಬಾಯಿಯಲ್ಲಿ ಬಿಳಿಯ ಅಗ್ಗಡಲು ಏಳುವುದುಂಟು. ಕಾವಲಿದ್ದ ಬ್ಯಾಕ್ಟೀರಿಯಗಳು ಸತ್ತಮೇಲೆ ಶಿಲೀಂಧ್ರವು ತೋಟಕ್ಕೆ ನುಗ್ಗಿದಂತೆ. ಶಿಲೀಂಧ್ರವನ್ನು ಕೊಲ್ಲುವುದೂ ಸುಲಭವಲ್ಲ. ಅದರ ಜೀವಕೋಶದ ರಚನೆ ಮನುಷ್ಯನ ಜೀವಕೋಶಕ್ಕೆ ಬಹಳ ಹತ್ತಿರವಾದುದು. ಒಂದಕ್ಕೆ ವಿಷವಾದುದು ಇನ್ನೊಂದಕ್ಕೂ ವಿಷವಾಗುವ ಸಂಭವ ಹೆಚ್ಚು. ಆದುದರಿಂದ ಶಿಲೀಂಧ್ರಕ್ಕೆ ಮದ್ದನ್ನು ಹುಡುಕುವವರು ಲೋಕದಲ್ಲಿ ಕೆಲವರೇ ಆಗಿದ್ದರು. ಆ ಕೆಲವರಲ್ಲಿ ಮಂಡಯಂ ಜೀರ್ಸನ್ನಿಧಿ ತಿರುಮಲಾಚಾರ್ಯರು ಒಬ್ಬರು.

ಮೈಸೂರು ಸಂಸ್ಥಾನದಲ್ಲಿ ಶಿಲೀಂಧ್ರಶಾಸ್ತ್ರವು ಬೇರೂರಿದುದು ಅಡಕೆಯ ಕೊಳೆರೋಗದ ದೆಸೆಯಿಂದ ಎನ್ನಬಹುದು. ೧೯೦೮ರಲ್ಲಿ ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬವರು ಮಲೆನಾಡಿನ ತೋಟಗಳಲ್ಲಿ ಮಳೆಗಾಲವನ್ನು ಕಳೆದು, ಆ ರೋಗದ ಕಾರಣವನ್ನು ವಿವರಿಸಿ ೧೯೧೦ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿದ ಬೋರ್ಡೊ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ಮಲೆನಾಡಿನವರು ಮಳೆ ಹಿಡಿಯುವ ಮುಂಚೆ ಔಷಧ ಹೊಡೆಯುವುದು ಆ ಕ್ರಮವನ್ನನುಸರಿಸಿಯೇ. ಕೋಲ್ಮನ್ನರ ಇಲಾಖೆಯಲ್ಲಿ ಎಂ. ಜೆ. ನರಸಿಂಹನ್ ಮೊದಲಾದವರು ಎಲೆ, ಕಾಯಿ, ಬೇರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಒಂದು ಸಂಪ್ರದಾಯವನ್ನು ಬೆಳೆಸಿದರು.

೧೯೧೪ರಲ್ಲಿ ಹುಟ್ಟಿದ ತಿರುಮಲಾಚಾರ್ಯರು ಈ ಸಂಪ್ರದಾಯದ ವಾತಾವರಣದಲ್ಲಿ ಬೆಳೆದವರು. ೧೯೪೦ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಿಂದ ಅವರು ಪ್ರಕಟಿಸಿದ ಲೇಖನಗಳಲ್ಲಿ ಹಲವು ತುಕ್ಕುರೋಗ, ಕಾಡಿಗೆರೋಗಗಳ ಶಿಲೀಂಧ್ರಗಳನ್ನು ಕುರಿತವು. ಮೈಸೂರಿನ ಕಾಡುಮೇಡುಗಳಲ್ಲಿ, ದಾರಿಯ ಬದಿಯ ಗಿಡಗಳ ಎಲೆಗಳ ಬೆನ್ನಿನಲ್ಲಿ, ಕಿತ್ತಳೆಯ ಬಣ್ಣದ ಪುಡಿಯ ಚುಕ್ಕೆಗಳನ್ನು ಹುಡುಕುತ್ತ ಹೋಗುವ ಈ ವಿದ್ಯೆಯಲ್ಲಿ ಲಾಭವೂ ಇಲ್ಲ, ಕೀರ್ತಿಯೂ ಇಲ್ಲ. ಬೇಕಾದುದು ತಾಳ್ಮೆ, ಮತ್ತು ಒಂದರಂತೆ ತೋರುವ ಎರಡರಲ್ಲಿ ಭೇದವನ್ನು ಕಾಣಬಲ್ಲ ಕಣ್ಣು. ೧೯೪೪ರಲ್ಲಿ ತಾವು ಸ್ಥಾಪಿಸಿದ ಒಂದು ಹೊಸ ಶಿಲೀಂಧ್ರಕುಲಕ್ಕೆ ಅವರು ಹಿರಿಯ ವಿದ್ವಾಂಸರಾದ ಬಿ. ಬಿ. ಮುಂಡ್ಕೂರರ ಹೆಸರಿನಿಂದ ಮುಂಡ್ಕೂರೆಲ್ಲ ಎಂದು ನಾಮಕರಣಮಾಡಿದರು. ಅವರಿಬ್ಬರೂ ಕೂಡಿ ೧೯೪೯-೫೦ರಲ್ಲಿ ತುಕ್ಕುಶಿಲೀಂಧ್ರಗಳ ಕುಲಗಳನ್ನೆಲ್ಲ ಪರಿಷ್ಕರಿಸಿ ಬರೆದ ಪ್ರಬಂಧಮಾಲೆಯು ಆ ಶಾಸ್ತ್ರದವರಿಗೆ ಬಹುಕಾಲ ಆಧಾರವಾಗಿದ್ದಿತು.

ತಿರುಮಲಾಚಾರ್ಯರು ಮುಂದೆ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದು, ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆಯ ಪರಿಶೋಧನ ವಿಭಾಗದ ಮುಖ್ಯಸ್ಥರಾದರು. ಅಂತರರಾಷ್ಟ್ರೀಯ ಸಂಸ್ಥೆಗಳ ಸಹಾಯದಿಂದ ೧೯೫೪ರಲ್ಲಿ ಸ್ಥಾಪಿತವಾದ ಈ ಕಾರ್ಖಾನೆಯ ಮುಖ್ಯೋದ್ದೇಶ ಪೆನಿಸಿಲಿನ್ನನ್ನು ದೇಶದಲ್ಲಿಯೇ ತಯಾರಿಸುವುದು. ಪರರು ಕಂಡುಹಿಡಿದುದನ್ನು ಪರರ ವಿಧಾನದಿಂದಲೇ ಮಾಡುತ್ತ ಕೂತಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ತಿರುಮಲಾಚಾರ್ಯರು ಹಾಗೆ ಕೂರಲಿಲ್ಲ. ದೇಶದ ಮಣ್ಣಿನಿಂದ ಸ್ಟ್ರೆಪ್ಟೊಮೈಸಿಸ್ ಕುಲದ ಜೀವಿಗಳನ್ನು ಬೇರ್ಪಡಿಸಿ, ಒಂದೊಂದನ್ನೂ ಶಿಲೀಂಧ್ರಗಳ ಎದುರಿಗೆ ನಿಲ್ಲಿಸಿ ಪರೀಕ್ಷೆಮಾಡಿಸಿದರು. ೧೯೬೧ರಲ್ಲಿ ಅವರೂ ಮೆನನ್, ಭಟ್ಟ ಎಂಬ ಸಹೋದ್ಯೋಗಿಗಳೂ ಕೂಡಿ ಹೊಸ ಔಷಧವೊಂದನ್ನು ಪ್ರಕಟಿಸಿದರು. ಅದನ್ನು ಕೊಟ್ಟ ಜೀವಿಗೆ ಊರಿನ ಹೆಸರಿನಿಂದ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ ಎಂದೂ, ಔಷಧಕ್ಕೆ ಕಾರ್ಖಾನೆಯ ಮೊದಲಕ್ಷರಗಳಿಂದ ಹ್ಯಾಮೈಸಿನ್ ಎಂದೂ ಹೆಸರಿಟ್ಟರು. ತಮ್ಮ ಹೆಸರನ್ನು ಎರಡರಲ್ಲಿಯೂ ಇಡಲಿಲ್ಲ.

ಬಾಯಿಯ ಅಗ್ಗಡಲಿಗೂ ಸ್ತ್ರೀಯರಿಗೆ ಬರುವ ಶಿಲೀಂಧ್ರರೋಗಕ್ಕೂ ಹ್ಯಾಮೈಸಿನ್ ಗುಣಕಾರಿಯಾಗಿ ಕಂಡುಬಂದಿತು. ಒಳಗಿನ ಅಂಗಗಳಿಗೆ ಹಿಡಿಯುವ ಶಿಲೀಂಧ್ರಗಳ ಮೇಲೆಯೂ ಅದನ್ನು ಅಮೆರಿಕದ ವೈದ್ಯರು ೧೯೬೦ರ ದಶಕದಲ್ಲಿ ಪರೀಕ್ಷಿಸಿದರು. ಹಿಂದೂಸ್ಥಾನದಲ್ಲಿ ಕಂಡುಹಿಡಿದ ಪ್ರತಿಜೀವಕವೊಂದು ಸಮುದ್ರವನ್ನು ದಾಟಿ ಪರೀಕ್ಷೆಗೆ ಹೋದುದು ಆ ಕಾಲಕ್ಕೆ ಅಪೂರ್ವವಾದ ಸಂಗತಿ. ಇದರ ಬೆನ್ನಿನಲ್ಲಿಯೇ ಡರ್ಮೊಸ್ಟಾಟಿನ್ ಎಂಬುದೂ, ೧೯೬೪ರಲ್ಲಿ ಆರಿಯೊಫಂಗಿನ್ ಎಂಬುದೂ ಪಿಂಪ್ರಿಯಿಂದ ಹೊರಬಂದುವು. ಆರಿಯೊಫಂಗಿನ್ ಗಿಡಗಳ ಮದ್ದು. ಎಲೆಯ ಬೆನ್ನಿನ ಚುಕ್ಕೆಗಳಿಂದ ಆರಂಭಿಸಿದವರು ಸುತ್ತಿಕೊಂಡು ಎಲೆಯ ಬಳಿಗೇ ಬಂದರು.

ಈ ಔಷಧಗಳಿಗೆಲ್ಲ ಪಾಲಿಯೀನ್‌ಗಳೆಂದು ಹೆಸರು. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಜಿಡ್ಡಿನಂತಹ ವಸ್ತುವಿದೆ. ಮನುಷ್ಯನ ಪೊರೆಯಲ್ಲಿ ಅದರ ಸ್ಥಾನದಲ್ಲಿ ಕೊಲೆಸ್ಟೆರಾಲ್ ಇದೆ. ಪಾಲಿಯೀನ್ ಮೊದಲನೆಯದನ್ನು ಗಟ್ಟಿಯಾಗಿ ಹಿಡಿಯುವುದು, ಎರಡನೆಯದನ್ನು ಸಡಿಲವಾಗಿ ಹಿಡಿಯುವುದು. ಔಷಧವಾಗಿರುವುದೂ ವಿಷವಾಗಿರುವುದೂ ಈ ಹಿಡಿತದ ತಾರತಮ್ಯದಿಂದ. ಆಂಫೊಟೆರಿಸಿನ್ನನ್ನು ಪಡೆದ ರೋಗಿಯ ಮೂತ್ರಪಿಂಡಕ್ಕೆ ತೊಂದರೆಯಾಗುವುದೂ ಇದರಿಂದಲೇ. ಹಾಗಾದರೆ ಅಡಕೆಯ ಕೊಳೆರೋಗವನ್ನು ಪಾಲಿಯೀನ್ ವಾಸಿಮಾಡಬಹುದಲ್ಲವೆ ಎಂದು ಮಲೆನಾಡಿನವರು ಕೇಳಬಹುದು. ಮಾಡಲಾರದು. ಕೊಳೆರೋಗದ ಫೈಟಾಫ್ತೊರವು ಬೂಷ್ಟಿನಂತೆ ಕಂಡರೂ ನಿಜವಾದ ಶಿಲೀಂಧ್ರವಲ್ಲ; ತನ್ನ ಮೈಯಲ್ಲಿ ಎರ್ಗೊಸ್ಟೆರಾಲನ್ನು ಅದು ಮಾಡಿಕೊಳ್ಳುವುದಿಲ್ಲ. ಹಿಡಿಯುವುದಕ್ಕೆ ಜುಟ್ಟಿಲ್ಲದವನನ್ನು ಹೇಗೆ ಹಿಡಿಯುವುದು? ಪರಿಶೋಧಕರು ಕೊಳೆತ ಕಾಯಿಯಿಂದ ಫೈಟಾಫ್ತೊರವನ್ನು ಬೇರ್ಪಡಿಸಬೇಕಾದಾಗ ತಟ್ಟೆಯಲ್ಲಿ ಒಂದು ಪಾಲಿಯೀನನ್ನು ಬೆರೆಸಿಡುವರು. ಉಳಿದ ಬೂಷ್ಟುಗಳೆಲ್ಲ ಸತ್ತು ಅದೊಂದೇ ಉಳಿಯುವುದು. ನಂಜನಗೂಡಿನ ರಸಬಾಳೆಯನ್ನು ತಿಂದುಹಾಕಿದ ಪನಾಮ ಸೊರಗುರೋಗದ ಫ್ಯುಸೇರಿಯಮ್ ಮಾತ್ರ ನಿಜವಾದ ಶಿಲೀಂಧ್ರವೇ. ಆದರೆ ಗಾಜಿನ ತಟ್ಟೆಯ ಯುದ್ಧ ಬೇರೆ, ತೋಟದ ಯುದ್ಧ ಬೇರೆ; ಆಳದ ಮಣ್ಣಿನಲ್ಲಿ ವರ್ಷಗಟ್ಟಲೆ ಹುದುಗಿರಬಲ್ಲ ಆ ಶತ್ರುವಿನ ಕೈಯಿಂದ ರಸಬಾಳೆಯನ್ನು ಯಾವ ಪಾಲಿಯೀನೂ ಉಳಿಸಲಿಲ್ಲ.

ಇಷ್ಟು ಔಷಧಗಳು ದೊರೆತರೂ, ಅವನ್ನು ಅಣುಜೀವಿಯು ಹೇಗೆ ಮಾಡುವುದೆಂಬುದು ಪಿಂಪ್ರಿಯವರಿಗಾಗಲಿ ನ್ಯೂಯಾರ್ಕಿನವರಿಗಾಗಲಿ ತಿಳಿದಿರಲಿಲ್ಲ. ಒಡವೆ ಕೈಗೆ ಸಿಕ್ಕಿತ್ತು. ಅಕ್ಕಸಾಲೆಯು ತೆರೆಯ ಹಿಂದೆ ಇದ್ದನು. ಜಾನ್ ನಾರ್ಮನ್ ಕೋಲಿ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞನು ಸರಳವಾದ ಒಂದೇ ತುಣುಕನ್ನು ಮತ್ತೆ ಮತ್ತೆ ಜೋಡಿಸಿ ಪ್ರಕೃತಿಯು ಇಂತಹ ವಸ್ತುಗಳನ್ನು ಕಟ್ಟುತ್ತಿರಬಹುದೆಂದು ೧೯೦೭ರಲ್ಲಿಯೇ ಊಹಿಸಿದ್ದನು. ಯಾರೂ ಕಿವಿಗೊಡಲಿಲ್ಲ. ೧೯೫೩ರಲ್ಲಿ ಆಸ್ಟ್ರೇಲಿಯದ ಆರ್ಥರ್ ಬರ್ಚ್ ಆ ಊಹೆಯನ್ನು ಮತ್ತೆ ಎತ್ತಿ ನಿಲ್ಲಿಸಿದನು. ಆದರೂ ಊಹೆಯು ಊಹೆಯೇ. ತೆರೆಯನ್ನು ಸರಿಸಿದವರು ಇಂಗ್ಲೆಂಡಿನ ನಾರಿಚ್ ನಗರದ ಜಾನ್ ಇನ್ನೆಸ್ ಸಂಸ್ಥೆಯ ಡೇವಿಡ್ ಹಾಪ್‌ವುಡ್. ಅವರು ೧೯೫೦ರ ದಶಕದಿಂದಲೇ, ಔಷಧವೇನನ್ನೂ ಬಯಸದೆ, ನೀಲಿಯ ಬಣ್ಣವನ್ನು ಬಿಡುವ ಒಂದು ಸ್ಟ್ರೆಪ್ಟೊಮೈಸಿಸ್ಸಿನ ವಂಶಗುಣಗಳನ್ನು ಅಭ್ಯಾಸಮಾಡುತ್ತಿದ್ದರು. ೧೯೮೪ರಲ್ಲಿ ಹಾಪ್‌ವುಡ್‌ರವರೂ ಮಲ್‌ಪಾರ್ತಿದ ಎಂಬವರೂ ಆ ಬಣ್ಣವನ್ನು ಕಟ್ಟುವ ಕಿಣ್ವಗಳ ಜೀನುಗಳೆಲ್ಲ ಒಂದರ ಪಕ್ಕದಲ್ಲೊಂದು ಒಂದೇ ಗೊಂಚಲಾಗಿ ಇರುವುವೆಂಬುದನ್ನು ತೋರಿಸಿ, ಆ ಗೊಂಚಲನ್ನೇ ಇನ್ನೊಂದು ಜೀವಿಗೆ ದಾಟಿಸಿ ಅದರಿಂದಲೂ ಬಣ್ಣವನ್ನು ಬಿಡಿಸಿದರು. ಕಮ್ಮಟವು ಎಲ್ಲಿದೆಯೆಂಬುದು ತಿಳಿಯಿತು.

ಕಮ್ಮಟದ ಒಳಗನ್ನು ಮೊದಲು ಕಂಡವರು ಎರಿತ್ರೊಮೈಸಿನ್ನನ್ನು ಹಿಡಿದು ಹೊರಟವರು. ಕೇಂಬ್ರಿಜ್ಜಿನ ಪೀಟರ್ ಲೆಡ್ಲಿಯವರ ತಂಡವೂ ಅಮೆರಿಕದ ಅಬಟ್ ಕಂಪೆನಿಯ ಲೆನರ್ಡ್ ಕಾಟ್ಸ್‌ರವರ ತಂಡವೂ ೧೯೯೦ರಲ್ಲಿಯೂ ೧೯೯೧ರಲ್ಲಿಯೂ ಪ್ರ್ಯತ್ಯೇಕವಾಗಿ ಪ್ರಕಟಿಸಿದ ವಿಷಯವು ಎಲ್ಲರನ್ನೂ ಬೆರಗುಗೊಳಿಸಿತು. ಮೂರು ಪ್ರೋಟೀನುಗಳು, ಒಂದೊಂದರಲ್ಲಿಯೂ ಮೂರು ಸಾವಿರಕ್ಕೆ ಮಿಕ್ಕ ಅಮಿನೊ ಆಮ್ಲಗಳು. ಜಿಯೋಸ್ಮಿನ್ನನ್ನು ಮಾಡುವ ೭೨೬ರ ಸರವು ಇವುಗಳ ಎದುರಿಗೆ ಕೂಸು. ಈ ಮೂರರಲ್ಲಿ ಒಟ್ಟು ಆರು ಅಂಕಣಗಳು. ಅಕ್ಕಸಾಲೆಗಳು ಸಾಲಾಗಿ ಕುಳಿತು ಒಂದೇ ಸರವನ್ನು ಮಾಡುವರೆಂದು ಭಾವಿಸುವುದು. ಮೊದಲನೆಯವನು ಒಂದು ಕೊಂಡಿಯನ್ನು ಬೆಸೆದು ಪಕ್ಕದವನ ಕೈಗೆ ಕೊಡುವನು. ಅವನು ಇನ್ನೊಂದನ್ನು ಬೆಸೆದು ಮುಂದಿನವನಿಗೆ. ಹೀಗೆ ಆರು ಕೊಂಡಿಗಳಾದ ಮೇಲೆ ಕೊನೆಯವನು ಎರಡು ತುದಿಗಳನ್ನೂ ಕೂಡಿಸಿ ಬಳೆಯಾಗಿ ಮಾಡಿ ಹೊರಗಿಡುವನು. ಕೈಯಿಂದ ಕೈಗೆ ದಾಟಿಸುವುದಕ್ಕೆ ಪ್ರತಿಯೊಂದು ಅಂಕಣದಲ್ಲಿಯೂ ಓಲಾಡುವ ಒಂದು ನೀಳವಾದ ತೋಳಿದೆ. ಆ ತೋಳಿನ ಒಂದು ಭಾಗವು ಪ್ಯಾಂಟೊಥೆನಿಕ್ ಆಮ್ಲವೆಂಬ, ಎಲ್ಲರೂ ಅನ್ನದೊಡನೆ ಉಣ್ಣುವ, ಜೀವಸತ್ತ್ವದಿಂದಾದುದು.

ಇಲ್ಲಿ ಕೌತುಕವಾದ ವಿಷಯವೆಂದರೆ, ಅಂಕಣಗಳ ಸಾಲನ್ನು ಓದಿದರೆ ಒಡವೆಯ ರೂಪವನ್ನು ಓದಿದಂತೆಯೇ ಆಗುವುದು. ಕೊಂಡಿಯನ್ನು ಬೆಸೆದ ಮೇಲೆ ಅದನ್ನು ತಿದ್ದುವುದಕ್ಕೆ ಕೆಲವು ಅಂಕಣಗಳಲ್ಲಿ ಒಂದು ಉಪಕರಣವಿದೆ, ಕೆಲವುದರಲ್ಲಿ ಎರಡು, ಕೆಲವುದರಲ್ಲಿ ಮೂರು. ಎರಡು ಉಪಕರಣಗಳಿದ್ದು ಮೂರನೆಯದು ಇಲ್ಲದ ಕಡೆ, ಸರದಲ್ಲಿ ಜೋಡಿಬಂಧವೊಂದು ಉಳಿಯುವುದು. ಪಾಲಿಯೀನ್ ಎಂಬ ಹೆಸರು ಬಂದುದೇ ಇಂತಹ ಜೋಡಿಬಂಧಗಳು ಹಲವು ಸಾಲಾಗಿ ನಿಂತಿರುವುದರಿಂದ. ಹ್ಯಾಮೈಸಿನ್ನಿನಲ್ಲಿ ಏಳು, ಆಂಫೊಟೆರಿಸಿನ್ನಿನಲ್ಲಿಯೂ ಏಳು. ೨೦೦೦ದಲ್ಲಿ ನಾರ್ವೆಯವರು ನಿಸ್ಟಾಟಿನ್ನಿನ ಕಮ್ಮಟವನ್ನೂ, ೨೦೦೧ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದವರು ಆಂಫೊಟೆರಿಸಿನ್ನಿನ ಕಮ್ಮಟವನ್ನೂ ಓದಿದರು. ಎರಡರಲ್ಲಿಯೂ ಬೆಸೆಯುವ ಅಂಕಣಗಳು ಹದಿನೆಂಟು, ಎರಡೂ ಅಕ್ಕತಂಗಿಯರಂತೆ. ಭೇದವು ಬಹುಮಟ್ಟಿಗೆ ಐದನೆಯ ಅಂಕಣದಲ್ಲಿ. ನಿಸ್ಟಾಟಿನ್ನಿನ ಐದನೆಯ ಅಂಕಣದಲ್ಲಿ ಮೂರನೆಯ ಉಪಕರಣವು ತಪ್ಪದೆ ಕೆಲಸಮಾಡಿ ಒಂದು ಜೋಡಿಬಂಧವನ್ನು ಅಳಿಸುವುದು. ಸಾಲು ಅಲ್ಲಿ ಕಡಿಯುವುದು. ಆಂಫೊಟೆರಿಸಿನ್ನಿನಲ್ಲಿ ಅದೇ ಉಪಕರಣವು ಒಮ್ಮೊಮ್ಮೆ ಮಾತ್ರ ಕೈಯಾಡಿಸುವುದು. ಆದುದರಿಂದಲೇ ಒಂದೇ ಜೀವಿಯು ಎ ಎಂದೂ ಬಿ ಎಂದೂ ಎರಡು ಬಗೆಯ ಆಂಫೊಟೆರಿಸಿನ್‌ಗಳನ್ನು ಕೊಡುವುದು. ಔಷಧದ ಸೀಸೆಯ ಮೇಲಿನ ಬಿ ಎಂಬ ಅಕ್ಷರಕ್ಕೆ ಅರ್ಥವು ನಾಲ್ವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ದೊರೆಯಿತು.

ಇಂತಹ ಪ್ರೋಟೀನುಗಳ ಆಕಾರವನ್ನು ಕಣ್ಣಿಗೆ ತಂದುಕೊಳ್ಳುವುದು ಇನ್ನೂ ಕಷ್ಟದ ಕೆಲಸ. ಒಂದು ಅಂಕಣದ ಪೂರ್ಣಾಕಾರವು, ಕಮಾನಿನಂತೆ ಬಾಗಿ ನಡುವೆ ಪೊಳ್ಳಾಗಿರುವುದು, ೨೦೧೪ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಮೊದಲು ಕಂಡುಬಂದಿತು. ಹೀಗೆ ಪಡೆದ ಆಕಾರವು ಸಾಧುವೋ ಅಲ್ಲವೋ ಎಂದು ಒರೆಗೆ ಹಚ್ಚುವ ಕಲ್ಲನ್ನು ಕೊಟ್ಟವರು ಜಿ. ಎನ್. ರಾಮಚಂದ್ರನ್. ೧೯೬೩ರಲ್ಲಿ ಅವರು ಮದರಾಸಿನಲ್ಲಿದ್ದಾಗ ಸಿದ್ಧಪಡಿಸಿದ ನಕ್ಷೆಯನ್ನು ಲೋಕದ ಪ್ರೋಟೀನ್‌ಶಾಸ್ತ್ರಜ್ಞರೆಲ್ಲ ಇಂದಿಗೂ ಬಳಸುವರು. ಅನಂತರ ಅವರು ಬೆಂಗಳೂರಿನ ವಿಜ್ಞಾನಮಂದಿರಕ್ಕೆ ಬಂದು ಅಲ್ಲಿ ಈ ಶಾಸ್ತ್ರಕ್ಕೆ ಒಂದು ವಿಭಾಗವನ್ನೇ ಕಟ್ಟಿದರು.

ಇದೆಲ್ಲ ಪಂಡಿತರ ವಿನೋದವೆಂದು ತಿಳಿಯತಕ್ಕದ್ದಲ್ಲ. ೨೦೨೧ರ ಬೇಸಗೆಯಲ್ಲಿ, ಕೊರೋನಾ ಮಾರಿಯ ಎರಡನೆಯ ಅಲೆಯು ಇನ್ನೂ ಇಳಿಯದಿರುವಾಗಲೇ, ಕಪ್ಪು ಶಿಲೀಂಧ್ರವೆಂದು ಜನರು ಕರೆದ ಮ್ಯೂಕರ್ ರೋಗವು ಕರ್ನಾಟಕದಲ್ಲಿ ಎದ್ದಿತು. ಸಕ್ಕರೆಯ ಕಾಯಿಲೆಯಿದ್ದವರನ್ನೂ ಸ್ಟಿರಾಯ್ಡುಗಳನ್ನು ಪಡೆದವರನ್ನೂ ಅದು ಹೆಚ್ಚಾಗಿ ಹಿಡಿಯಿತು. ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಏರುವ ರೋಗ. ಕಣ್ಣನ್ನು ತೆಗೆದು ಪ್ರಾಣವನ್ನುಳಿಸಿಕೊಂಡವರುಂಟು. ಮೇ ತಿಂಗಳಲ್ಲಿ ಸರ್ಕಾರವು ಪ್ರತಿಯೊಂದು ರೋಗಿಯನ್ನೂ ವರದಿಮಾಡತಕ್ಕದ್ದೆಂದು ವಿಧಿಸಿತು. ಇದಕ್ಕೆ ಮುಖ್ಯವಾದ ಮದ್ದು ಆಂಫೊಟೆರಿಸಿನ್. ಅದರಲ್ಲಿಯೂ ಜಿಡ್ಡಿನ ಗುಳ್ಳೆಗಳಲ್ಲಿ ತುಂಬಿ ವಿಷವನ್ನು ತಗ್ಗಿಸಿದ ಬಗೆ. ಅದಕ್ಕೆ ದೇಶದಲ್ಲೆಲ್ಲ ಬರ ಬಿದ್ದಿತು. ಕೇಂದ್ರಸರ್ಕಾರವು ಇಷ್ಟಿಷ್ಟು ಸೀಸೆಗಳೆಂದು ರಾಜ್ಯಗಳಿಗೆ ಪಡಿತರದಂತೆ ಹಂಚಬೇಕಾಯಿತು. ರೋಗಿಗಳ ಮನೆಯವರು ಊರೂರು ಅಲೆದರು.

ಔಷಧವನ್ನು ರಸಾಯನಶಾಲೆಯಲ್ಲಿಯೇ ಮಾಡಬಾರದಿತ್ತೆ ಎಂದರೆ, ಒಮ್ಮೆ ಮಾಡಿದ್ದುಂಟು. ೧೯೮೭ರಲ್ಲಿ ನಿಕೊಲಾವು ಎಂಬವರ ತಂಡವು ಅಣುಜೀವಿಯ ಸಹಾಯವಿಲ್ಲದೆ ಆಂಫೊಟೆರಿಸಿನ್ನನ್ನು ಕೈಯಿಂದಲೇ ಕಟ್ಟಿತು. ಅದು ರಸಾಯನಶಾಸ್ತ್ರದ ಮಹಾಸಾಹಸ. ಆದರೆ ಮೆಟ್ಟಿಲುಗಳು ಎಷ್ಟೋ ಇದ್ದುದರಿಂದ ರೋಗಿಗೆ ಪ್ರಯೋಜನಕರವಾದ ದಾರಿಯಲ್ಲ. ೨೦೨೧ರಲ್ಲಿ ಮೈಸೂರಿನ ಆಸ್ಪತ್ರೆಗೆ ಬಂದ ಒಂದು ಸೀಸೆಯ ಮದ್ದು ಕೂಡ ಮೊದಲಿಗೆ ತೊಟ್ಟಿಯಲ್ಲಿ ಬೆಳೆದ ಬ್ಯಾಕ್ಟೀರಿಯದ ಹೊಟ್ಟೆಯಲ್ಲಿ, ಆ ಹದಿನೆಂಟು ಅಂಕಣಗಳ ಮೂಲಕವೇ, ಹುಟ್ಟಿದುದು.

ಆ ದಿನಗಳಲ್ಲಿ ಹ್ಯಾಮೈಸಿನ್ನಿನ ಹೆಸರನ್ನು ಎತ್ತಿದವರು ಕಡಮೆ. ಅದು ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರದುದರಿಂದ ಮೇಲಿನ ಲೇಪಕ್ಕೂ ಬಾಯಿಯ ರೋಗಕ್ಕೂ ಹೆಚ್ಚಾಗಿ ನಿಂತುಹೋಗಿದ್ದಿತು. ೧೯೯೦ರ ದಶಕದಲ್ಲಿ ದಿಲ್ಲಿಯ ಬಿಮಲ್ ಕುಮಾರ್ ಬಚ್ಚಾವತರ ತಂಡದವರು ಹ್ಯಾಮೈಸಿನ್ನನ್ನೂ ಜಿಡ್ಡಿನ ಗುಳ್ಳೆಗಳಲ್ಲಿ ತುಂಬಿ ಇಲಿಗಳ ಮೇಲೆ ಪರೀಕ್ಷಿಸಿ ಅದರ ವಿಷವನ್ನು ತಗ್ಗಿಸಬಹುದೆಂದು ತೋರಿಸಿದ್ದರು. ಆ ದಾರಿಯಲ್ಲಿ ಆಂಫೊಟೆರಿಸಿನ್ ಆಸ್ಪತ್ರೆಯನ್ನು ಮುಟ್ಟಿತು, ಹ್ಯಾಮೈಸಿನ್ ಮುಟ್ಟಲಿಲ್ಲ. ಪಿಂಪ್ರಿಯ ಕಾರ್ಖಾನೆಯೂ ಕ್ರಮೇಣ ನಷ್ಟಕ್ಕೆ ಬಿದ್ದು ಕುಗ್ಗಿತು. ದೇಶದ ಮಣ್ಣಿನಿಂದ ಔಷಧವನ್ನು ತೆಗೆದವರು ಇದ್ದರು, ಅದನ್ನು ಕಟ್ಟುವ ಕಿಣ್ವಗಳವರೆಗೆ ಹಿಂಬಾಲಿಸಿ ಹೋಗುವ ಪರಂಪರೆಯು ಅಲ್ಲಿ ನಿಲ್ಲಲಿಲ್ಲ ಎಂಬುದು ವ್ಯಸನಕರವಾದ ಮಾತಾದರೂ ನಿಜ. ತಿರುಮಲಾಚಾರ್ಯರಿಗೆ ಭಟ್ನಾಗರ್ ಪ್ರಶಸ್ತಿ ಬಂದಿದ್ದಿತು. ವಿದ್ವತ್ಸಭೆಗಳ ಸದಸ್ಯತ್ವಗಳೂ ಬಂದಿದ್ದುವು. ಅವರು ಕೊನೆಗೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಜೀರ್ಸನ್ನಿಧಿ-ಆಂಡರ್ಸನ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾಗಿ ಪರಿಶೋಧನೆಯನ್ನು ಮುಂದುವರಿಸಿದರು. ಕೋಲ್ಮನ್ನರ ಹೆಸರನ್ನು ಮೈಸೂರಿನ ರೈತರು ಇನ್ನೂ ಬಲ್ಲರು. ತಿರುಮಲಾಚಾರ್ಯರ ಹೆಸರನ್ನು ಮೈಸೂರಿನ ವೈದ್ಯರಲ್ಲಿಯೇ ಎಷ್ಟು ಮಂದಿ ಬಲ್ಲರು?

ಮಣ್ಣಿನ ಪೊಟ್ಟಣಗಳ ಬೇಟೆಯು ೧೯೭೦ರ ಈಚೆಗೆ ತಣ್ಣಗಾಗಿದ್ದಿತು. ಕಂಡ ಔಷಧವೇ ಮತ್ತೆ ಮತ್ತೆ ಕಾಣುತ್ತಿದ್ದುದರಿಂದ ಕಂಪೆನಿಗಳು ಬೇಸತ್ತಿದ್ದುವು. ಹಾಪ್‌ವುಡ್‌ರವರ ನೀಲಿಯ ಸ್ಟ್ರೆಪ್ಟೊಮೈಸಿಸ್ಸಿನ ವಂಶಲಿಪಿಯನ್ನು ೨೦೦೨ರಲ್ಲಿ ಪೂರ್ತಿಯಾಗಿ ಓದಿದಾಗ ಅದರಲ್ಲಿ ೭,೮೨೫ ಜೀನುಗಳು ಎಣಿಕೆಗೆ ಬಂದುವು. ಅವುಗಳ ನಡುವೆ ಇಪ್ಪತ್ತಕ್ಕೂ ಹೆಚ್ಚು ಕಮ್ಮಟಗಳು! ಐವತ್ತು ವರ್ಷ ಒಂದೇ ಜೀವಿಯನ್ನು ನೋಡುತ್ತಿದ್ದವರಿಗೆ ಅವುಗಳಲ್ಲಿ ಮೂರೋ ನಾಲ್ಕೋ ಮಾತ್ರ ತಿಳಿದಿದ್ದುವು. ಉಳಿದುವು ತಟ್ಟೆಯಲ್ಲಿ ಬಾಯಿಬಿಡದೆ ಮಲಗಿದ್ದುವು. ಆ ಜೀವಿಯ ಬಂಧುಗಳು ಬನ್ನೂರಿನ ಬತ್ತದ ಗದ್ದೆಯಲ್ಲಿಯೂ ಇವೆ, ಸೋಸಲೆಯ ಬದುವಿನಲ್ಲಿಯೂ ಇವೆ. ಮೊದಲ ಮಳೆಯ ಕಂಪೇ ಅದಕ್ಕೆ ಸಾಕ್ಷಿ.

ಹ್ಯಾಮೈಸಿನ್ನಿಗೆ ಅತ್ಯಂತ ಹತ್ತಿರದ ನೆಂಟನಾದ ಕ್ಯಾಂಡಿಸಿಡಿನ್ ಎಂಬ ಪಾಲಿಯೀನಿನ ಕಮ್ಮಟವನ್ನು ಚೀನಾ ದೇಶದ ಶಾಂಘೈ ನಗರದಲ್ಲಿ ಡೆಂಗ್ ಜಿಶಿನ್ ಎಂಬವರ ತಂಡವು ೨೦೦೩ರಲ್ಲಿ ಪೂರ್ತಿಯಾಗಿ ಓದಿತು. ಅಲ್ಲಿ ಮೊದಲ ಅಂಕಣವು ಸರವನ್ನು ಆರಂಭಿಸುವುದು ಪ್ಯಾರಾ ಅಮಿನೊ ಬೆಂಜೋಯಿಕ್ ಆಮ್ಲವೆಂಬ ವಸ್ತುವಿನಿಂದ. ಸಲ್ಫಾ ಔಷಧಗಳು ಬ್ಯಾಕ್ಟೀರಿಯಗಳನ್ನು ವಂಚಿಸುವುದಕ್ಕೆ ಯಾವುದರ ವೇಷವನ್ನು ಹಾಕಿಕೊಳ್ಳುವುವೋ ಅದೇ ವಸ್ತು. ಆ ವಸ್ತುವಿನ ಗುರುತು ಹ್ಯಾಮೈಸಿನ್ನಿನ ಮೈಯಲ್ಲಿಯೂ ಇರುವುದರಿಂದ, ಪಿಂಪ್ರಿಯ ಮದ್ದನ್ನು ಎಂತಹ ಕೈಗಳು ಕಟ್ಟಿದುವೆಂಬುದಕ್ಕೆ ಮೊದಲ ಉತ್ತರವು ಆ ಓದಿನಿಂದ ದೊರೆತಂತಾಯಿತು. ತಿರುಮಲಾಚಾರ್ಯರು ಅದಕ್ಕೆ ನಾಲ್ಕು ವರ್ಷ ಮುಂಚೆ, ೧೯೯೯ರಲ್ಲಿ, ತೀರಿಕೊಂಡಿದ್ದರು.